ಇರುವೆ ಕಂಡರೂ ನಿಲ್ಲುವ ಕಾರು

ಮಗಳ ಒದ್ದೆ ಕಾಲುಚೀಲವನ್ನು ಕಾಮೆನ್ ಇಸ್ತ್ರಿಪೆಟ್ಟಿಗೆಯಿಂದ ಚುರ್ರೆನ್ನಿಸುತ್ತಿದ್ದಾಗ ಕೆಳಗಿನಿಂದ ನೆರೆಮನೆಯವನ ಕೂಗು ಬಂತು.

"ಲೋ ಕಾಮೆನ್! ನಿನ್ನ ಕಾರು ಉಚ್ಚೆ ಹೊಯ್ದಿದೆ ಕಣೋ!"

ಮಗಳು ಇಸ್ಕ್ರಾಳಿಗೆ ಅಂದು ಶಾಲೆಯ ಮೊದಲ ದಿನ. ಒಂಬತ್ತಕ್ಕೆ ಸರಿಯಾಗಿ ಗೇಟಿನಲ್ಲಿ ಒಂದನೇ ತರಗತಿಯವರ ಹೆಸರು ಕೂಗಿ, ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ. ಇಂಥ ದಿನ ಬೆಳಬೆಳಿಗ್ಗೆ ಕಾಲುಚೀಲ ಹೇಗೆ ಒದ್ದೆಯಾಯಿತೆಂದು ಕಾಮೆನ್ ಕೇಳಲಿಲ್ಲ. ಏಳು ವರ್ಷದವರ ಕಾಲುಚೀಲ ಒದ್ದೆಯಾಗಲು ಕಾರಣ ಬೇಕೇ?

ಅಡುಗೆಮನೆಯಲ್ಲಿ ಅವನ ತಾಯಿ ಪೇನಾ ತಾಮ್ರದ ತಂಬಿಗೆ ಉಜ್ಜುತ್ತಿದ್ದಳು. ಒಳ್ಳೆಯ ಕೆಲಸಕ್ಕೆ ಹೊರಟವರು ಹೊಸಿಲ ಬಳಿ ನೀರು ತುಂಬಿದ ತಂಬಿಗೆಯನ್ನು ಒದ್ದು ಹೋಗಬೇಕೆಂಬುದು ಅವರ ರೂಢಿ. ಆಗ ಕೆಲಸ ನೀರು ಹರಿದಷ್ಟು ಸಲೀಸು. "ಒಂದೇ ಒದೆತಕ್ಕೆ ಬೀಳ್ಬೇಕು, ಪುಟ್ಟಿ. ಎರಡು ಸಲ ಒದ್ರೆ ನಗ್ತಾರೆ," ಎಂದು ಅವಳು ವಾರದಿಂದ ಮೊಮ್ಮಗಳಿಗೆ ಹೇಳುತ್ತಲೇ ಇದ್ದಳು.

"ಅಪ್ಪಾ, ಒಂದು ಕೇಳ್ಲಾ?" ಎಂದಳು ಇಸ್ಕ್ರಾ.

"ಬಂದೆ ತಾಳು, ಚಿನ್ನ," ಎಂದು ಕಾಮೆನ್ ಮೂರು ಮಹಡಿ ಇಳಿದ.

ಹಿಂದಿನ ದಿನವಷ್ಟೇ ಮೇಸ್ತ್ರಿ ಗಾಂಚೊ ಬ್ರೇಕು ರಿಪೇರಿ ಮಾಡಿಕೊಟ್ಟಿದ್ದ. "ಇನ್ಮೇಲೆ ನನ್ನ ಕಾರು ಇರುವೆ ಕಂಡ್ರೂ ನಿಲ್ಲತ್ತೆ" ಎಂದು ಕಾಮೆನ್ ಸಂಜೆಯೆಲ್ಲ ಕಟ್ಟಡದವರಿಗೆ ಸಾರಿದ್ದ. ಈಗ ಮುಂದಿನ ಚಕ್ರದಡಿ ದೋಸೆಕಾವಲಿಯಷ್ಟು ಅಗಲದ ಒದ್ದೆ. ಅದರ ಮೇಲೆ ಗ್ರೀಸು ಕಾಮನಬಿಲ್ಲಿನಂತೆ ಮಿನುಗುತ್ತಿತ್ತು.

ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದ ನೆರೆಮನೆಯ ಝಹಾರಿ ಮಂಡಿಯೂರಿ, ಬೆರಳದ್ದಿ ಮೂಸಿದ.

"ಬ್ರೇಕ್ ಎಣ್ಣೆ. ಅನುಮಾನವೇ ಬೇಡ."

"ಎಣ್ಣೆ ಇಷ್ಟು ಘಮ್ ಅನ್ನತ್ತಾ, ಮಾವ?"

"ಹೊಸ ನಮೂನೆದು. ಈಗ ಸೋಪು, ಎಣ್ಣೆ, ಎಲ್ಲಾದಕ್ಕೂ ವಾಸನೆ ಹಾಕ್ತಾರೆ. ನನ್ನ ಮೂಗು ಸುಳ್ಳು ಹೇಳಲ್ಲ."

ನೆಲಮಹಡಿಯ ತ್ಸೋಂಕಾ ಕಿಟಕಿಯಿಂದಲೇ ತೀರ್ಪು ಕೊಟ್ಟಳು: "ಆ ಗಾಂಚೊ ನನ್ನ ಹೊಲಿಗೆ ಯಂತ್ರ ರಿಪೇರಿ ಮಾಡಿದ್ದ. ಅವತ್ತಿಂದ ಅದು ಹಿಂದಕ್ಕೇ ಹೊಲಿಯೋದು!"

ಕಾಮೆನ್ ಗಾಂಚೊಗೆ ಫೋನು ಮಾಡಿದ. ಎತ್ತಲಿಲ್ಲ.

"ಕಳ್ಳನಿಗೆ ಗೊತ್ತಾಗಿದೆ," ಎಂದ ಝಹಾರಿ, ಮನೆಯಿಂದ ಸ್ಪ್ಯಾನರು ತರುತ್ತ. "ಮಗೂನ ಇದರಲ್ಲಿ ಕೂರಿಸ್ತೀಯಾ? ಹತ್ತೇ ನಿಮಿಷ. ಸೋರೋ ಜಾಗ ಹುಡುಕಿ ಬಿಗಿ ಮಾಡ್ತೀನಿ. ನೀನು ಒಳಗೆ ಕೂತು ಪೆಡಲ್ ಒತ್ತು."

ಅಷ್ಟರಲ್ಲಿ ಇಸ್ಕ್ರಾ ಬಿಳಿ ಅಂಗಿ, ಕೆಂಪು ರಿಬ್ಬನ್ನು ತೊಟ್ಟು, ಟೀಚರಿಗೆ ಕೊಡುವ ಹೂಗುಚ್ಛ ಹಿಡಿದು ಇಳಿದು ಬಂದಳು. ಬಿಚ್ಚಿಟ್ಟ ಚಕ್ರ ನೋಡಿ ಅವಳ ಮುಖ ಬಾಡಿತು.

"ಅಪ್ಪಾ, ಒಂದು..."

"ಒಂದು ನಿಮಿಷ, ಬಂಗಾರ. ಅಪ್ಪ ನಿನ್ನ ಶಾಲೆಗೆ ಮುಟ್ಟಿಸದೆ ಬಿಡ್ತಾನಾ?"

ಝಹಾರಿ ಯಾವುದೋ ತಿರುಪನ್ನು ಸಡಿಲಿಸಿದ. "ಒತ್ತು!" ಕಾಮೆನ್ ಒತ್ತಿದ. ಚಿರ್ರನೆ ಚಿಮ್ಮಿದ ಎಣ್ಣೆ ಝಹಾರಿಯ ಮೀಸೆಯಿಂದ ತೊಟ್ಟಿಕ್ಕಿತು.

"ನೋಡ್ದ್ಯಾ! ಹೇಳಿರ್ಲಿಲ್ವಾ ಸೋರ್ತಿದೆ ಅಂತ? ಇನ್ನೂ ಒತ್ತು!"

ಇಪ್ಪತ್ತು ಸಲ ಒತ್ತುವಷ್ಟರಲ್ಲಿ ಎಣ್ಣೆ ಡಬ್ಬಿ ಬರಿದಾಯಿತು. ತಿರುಪು ತಿರುಗಿ ತಿರುಗಿ ಕೊನೆಗೆ ಮುರಿದು ಝಹಾರಿಯ ಅಂಗೈಗೇ ಬಂತು. ಪೆಡಲು ಕೆಸರಿಗಿಟ್ಟ ಕಾಲಿನಂತೆ ತಳ ಮುಟ್ಟಿತು.

ಝಹಾರಿ ತಿರುಪಿನ ತುಂಡನ್ನು ಬಿಸಿಲಿಗೆ ಹಿಡಿದು ಗಂಭೀರವಾಗಿ ನೋಡಿದ. "ಇದನ್ನ ಓಡಿಸಿದ್ರೆ ನೀನು ಸತ್ತೇ ಹೋಗ್ತಿದ್ದೆ. ದೇವರ ದಯೆ, ನಾನಿದ್ದೆ."

ಗಂಟೆ ಎಂಟೂ ಮೂವತ್ತೇಳು. ಮೂಲೆಯ ನಿಲ್ದಾಣಕ್ಕೆ ಎಂಟೂ ನಲವತ್ತಕ್ಕೆ ಬಸ್ಸು. ಅದು ತಪ್ಪಿದರೆ ಒಂಬತ್ತಕ್ಕೆ ಗೇಟಿನಲ್ಲಿ ಇಸ್ಕ್ರಾ ಎಂಬ ಕೂಗಿಗೆ ಉತ್ತರ ಕೊಡುವವರಿಲ್ಲ. ಕಾಮೆನ್ ಮಸಿ ಮೆತ್ತಿದ ಬಿಳಿ ಅಂಗಿಯಲ್ಲೇ ಮಗಳ ಕೈ ಹಿಡಿದು ಹೊರಟ. "ಯೋಚನೆ ಬೇಡ ಪುಟ್ಟಿ, ಬಸ್ಸು ಇನ್ನೂ ಚೆನ್ನಾಗಿರತ್ತೆ!"

"ನಿಲ್ಲೋ, ನಿಲ್ಲೋ!" ಪೇನಾ ಮೆಟ್ಟಿಲಿಳಿದು ಓಡಿಬಂದು ಕಟ್ಟಡದ ಬಾಗಿಲಲ್ಲಿ ತಂಬಿಗೆ ಇಟ್ಟಳು. ತುಂಬಿದ ನೀರಿನ ಮೇಲೆ ಘಮಘಮಿಸುವ ಜೆರೇನಿಯಂ ಗಿಡದ ಕುಡಿ ತೇಲುತ್ತಿತ್ತು. "ಒದಿ, ನನ್ನಮ್ಮ. ಜೋರಾಗಿ."

ಇಸ್ಕ್ರಾ ಒದೆಯಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದಳು.

"ಒದಿಯೇ! ಬಸ್ಸು ಬಂತು!" ಎಂದಳು ತ್ಸೋಂಕಾ.

ಬಸ್ಸು ನಿಜಕ್ಕೂ ಮೂಲೆ ತಿರುಗುತ್ತಿತ್ತು. ಕಾಮೆನ್ ಮಗಳ ಎದುರು ಕುಕ್ಕುರುಗಾಲಲ್ಲಿ ಕೂತ. "ಬೆಳಿಗ್ಗೆಯಿಂದ ಏನೋ ಕೇಳ್ಬೇಕು ಅಂತಿದ್ಯಲ್ಲಾ, ಕಂದ. ಈಗ ಕೇಳು. ಬೈಯಲ್ಲ."

ಇಸ್ಕ್ರಾ ತಂಬಿಗೆಯನ್ನು ನೋಡಿದಳು, ಚಕ್ರವಿಲ್ಲದ ಕಾರನ್ನು ನೋಡಿದಳು, ಬರುತ್ತಿದ್ದ ಬಸ್ಸನ್ನು ನೋಡಿದಳು.

"ಬೆಳಿಗ್ಗೆ ಯಾರೂ ನೋಡ್ಬಾರ್ದು ಅಂತ ನಮ್ಮ ಕಾರಿನ ಚಕ್ರದ ಹತ್ರ ತಂಬಿಗೆ ಇಟ್ಟು ಒದ್ದು ಅಭ್ಯಾಸ ಮಾಡ್ದೆ, ಅಪ್ಪಾ... ಈಗ ಇದನ್ನೂ ಒದ್ರೆ ಬಸ್ಸೂ ಕೆಟ್ಟೋಗತ್ತಾ?"