ಅತ್ತೆಯ ಕೈ ನಿಂತರೆ ಪಾಸು

ನನ್ನ ಸೋದರತ್ತೆಗೂ ಸಂಗೀತಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಇದು ನಾನು ಕಟ್ಟಿದ ಕತೆಯಲ್ಲ, ಬೇಕಾದರೆ ನನ್ನ ಮದುವೆಗೆ ಬಂದಿದ್ದ ಯಾರನ್ನಾದರೂ ಕೇಳಿ. ನಾದಸ್ವರದವರು ಕೆನ್ನೆ ಉಬ್ಬಿಸಿ, ಬೆವರು ಸುರಿಸಿ, ಒಂದು ದೊಡ್ಡ ರಾಗ ಮುಗಿಸಿ ಉಸಿರು ಬಿಡುತ್ತಿದ್ದಾಗ ಅತ್ತೆ ಅವರ ಮುಂದೆ ಹೋಗಿ ನಿಂತು, "ಶ್ರುತಿ ಸರಿ ಮಾಡ್ಕೊಂಡಿದ್ದಾಯ್ತಾ? ಇನ್ನು ನುಡ್ಸೋಕೆ ಶುರು ಮಾಡ್ರಪ್ಪ, ಮುಹೂರ್ತ ಮೀರ್ತಿದೆ!" ಎಂದಿದ್ದರು. ನಾದಸ್ವರದವರು ಊಟಕ್ಕೂ ನಿಲ್ಲದೆ ಹೋದರೆಂದು ಅಪ್ಪ ಇವತ್ತಿಗೂ ಪೇಚಾಡುತ್ತಾರೆ.

ಇಂಥ ಮಹಾತಾಯಿಯನ್ನು ಒಂದು ಸಂಗೀತ ಸಂಜೆಗೆ ಹಾಡುಗಾರರನ್ನು ಆರಿಸಲು ಕೂರಿಸಿದರು ಎಂದರೆ ನಂಬುತ್ತೀರಾ? ಕೂರಿಸಿದವರು ಯಾರು? ಕಾಕ್ಸ್ ಟೌನಿನ ವಿದ್ಯಾವಂತ ನಾಗರಿಕರು! ಅದೂ ಹಾಡಹಗಲಿನಲ್ಲಿ, ಮೈಮೇಲೆ ಪೂರ್ತಿ ಎಚ್ಚರವಿದ್ದಾಗ!

ಅದು ಸುನಾಮಿ ಬಂದ ವರ್ಷ. ಅತ್ತೆಯ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ತಮಿಳುನಾಡಿನ ಕರಾವಳಿಯ ಕಡೆ ನೆಂಟರು. ಕ್ರಿಸ್‌ಮಸ್ಸಿನ ನಕ್ಷತ್ರಗಳು ಇನ್ನೂ ಬಾಗಿಲಿನಲ್ಲಿ ತೂಗುತ್ತಿದ್ದವು, ಒಳಗೆ ಫೋನಿನ ಮುಂದೆ ಜನ ಅಳುತ್ತಾ ಕೂತಿದ್ದರು. ಏನಾದರೂ ಮಾಡಬೇಕಲ್ಲ ಎಂದು ಬಡಾವಣೆಯ ಸಂಘದವರು ಚರ್ಚಿನ ಪಕ್ಕದ ಸಭಾಂಗಣದಲ್ಲಿ ಪರಿಹಾರಕ್ಕಾಗಿ ಒಂದು ಸಂಗೀತ ಕಾರ್ಯಕ್ರಮ ಎಂದು ನಿರ್ಧರಿಸಿದರು. ಹಾಡಲು ಇಷ್ಟವಿದ್ದವರು ಹೆಸರು ಕೊಡಿ ಎಂದು ಬೋರ್ಡಿನಲ್ಲಿ ಬರೆದದ್ದೇ ತಪ್ಪಾಯಿತು ನೋಡಿ! ಹಲಸೂರು, ಶಿವಾಜಿನಗರ, ಇಂದಿರಾನಗರದಿಂದಲೂ ಜನ ಬಂದರು. ಕೇಳುವುದಕ್ಕೆಂದು ಯಾರಾದರೂ ಉಳಿಯುತ್ತಾರೋ ಇಲ್ಲವೋ ಎಂಬ ಚಿಂತೆ ಹತ್ತಿತು.

ಸಂಘದ ಸೆಕ್ರೆಟರಿ ಮೆತ್ತನೆಯ ಮನುಷ್ಯ. ಯಾರಿಗಾದರೂ 'ಇಲ್ಲ' ಎನ್ನಬೇಕಾದರೆ ಅವರಿಗೆ ಜ್ವರ ಬರುತ್ತಿತ್ತು. ಬೀದಿಯಲ್ಲಿ ಮುಖದ ಮೇಲೆ ಹೊಡೆದಂತೆ 'ಇಲ್ಲ' ಎನ್ನಬಲ್ಲವರು ಒಬ್ಬರೇ, ನಮ್ಮತ್ತೆ. ಮದುವೆಗೆ ಕರೆಯಲು ಬಂದವರ ಅಕ್ಷತೆ ತೆಗೆದುಕೊಂಡು, "ಬರಲ್ಲ ಕಣಮ್ಮ. ನಿಮ್ಮ ದೊಡ್ಡ ಮಗಳ ಮದುವೇಲಿ ಸಾರು ನೀರಾಗಿತ್ತು" ಎಂದು ಕಾಫಿ ಕೊಟ್ಟು ಕಳಿಸಿದ ಧೀರೆ ಅವರು! ಸೆಕ್ರೆಟರಿ ಬಂದು ಕೈಮುಗಿದರು.

"ನಂಗೆ ಸಂಗೀತದ ಗಂಧ ಇಲ್ವಲ್ರೀ" ಎಂದರು ಅತ್ತೆ.

"ಅದೇ ಬೇಕಾಗಿರೋದು ಮೇಡಂ. ಗೊತ್ತಿರೋರು ಇಲ್ಲ ಅಂದ್ರೆ ಜಗಳ ಆಗುತ್ತೆ."

ಅತ್ತೆ ಒಪ್ಪಿದರು. ಆದರೆ ಅವರದೊಂದು ಷರತ್ತು. ಅವರೆಕಾಯಿ ಕಾಲ, ಭಾನುವಾರ ಅವರಿಗೆ ಪುರುಸೊತ್ತಿಲ್ಲ. ಬಂದವರು ಜಗಲಿಯ ಮೇಲೆ ಹಾಡಬೇಕು, ಅತ್ತೆ ಅಲ್ಲೇ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿರುತ್ತಾರೆ. ಹಾಡು ಕೇಳಿ ಅವರ ಕೈ ತಾನಾಗಿ ನಿಂತರೆ ಪಾಸು, ನಿಲ್ಲದಿದ್ದರೆ ಮನೆಗೆ. "ಕಿವಿಗೆ ಮುಲಾಜು ಇರುತ್ತೆ ಕಣೇ, ಕೈಗೆ ಇರಲ್ಲ. ಕೈ ಸುಳ್ಳು ಹೇಳಲ್ಲ" ಎಂದು ನನಗೆ ವಿವರಿಸಿದರು. ನಾನು ಕಮ್ಮನಹಳ್ಳಿಯಿಂದ ಪ್ರತಿ ಭಾನುವಾರ ಈ ಕಾಳಿನ ಚಾಕರಿಗೆ ಹಾಜರಾಗುತ್ತಿದ್ದವಳು. ಹಿತುಕುವುದು ಗೊತ್ತಲ್ಲ? ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳಬೇಕು, ಸಿಪ್ಪೆ ಮೊರಕ್ಕೆ. ನನ್ನ ಬೇಳೆಗಳು ಮಾತ್ರ ಪಾತ್ರೆಯೊಂದನ್ನು ಬಿಟ್ಟು ಎಲ್ಲೆಲ್ಲಿಗೋ ಹಾರುತ್ತಿದ್ದವು.

ಮೊದಲು ಬಂದವರು ಹಲಸೂರಿನ ಒಬ್ಬ ವಿದ್ವಾಂಸರು. ಕಣ್ಣು ಮುಚ್ಚಿ ಆಲಾಪನೆಗೆ ಇಳಿದರು. ಇಳಿದವರು ಮೇಲೆ ಬರಲೇ ಇಲ್ಲ! ಪಾತ್ರೆ ಅರ್ಧ ತುಂಬಿತು. ಅಷ್ಟರಲ್ಲಿ ನನ್ನದೊಂದು ಬೇಳೆ ಹಾರಿ ಸೀದಾ ಅವರ ಕನ್ನಡಕಕ್ಕೆ ಬಡಿಯಿತು. ವಿದ್ವಾಂಸರು ಬೆಚ್ಚಿ ಕಣ್ಣು ಬಿಟ್ಟರು.

"ಪೀಠಿಕೆ ಚೆನ್ನಾಗಿತ್ತು ಸ್ವಾಮಿ" ಎಂದರು ಅತ್ತೆ, ಕೈ ನಿಲ್ಲಿಸದೆ. "ಹಾಡು ಯಾವಾಗ?"

ಆಮೇಲೆ ಸೆಕ್ರೆಟರಿಯವರ ಅಳಿಯನೇ ಬಂದ. ಮಿಮಿಕ್ರಿ ಕಲಾವಿದನಂತೆ. ರೈಲು ಹೊರಡುವುದು, ಕೂಗುವುದು, ಸೇತುವೆ ದಾಟುವುದು, ಎಲ್ಲವನ್ನೂ ಬಾಯಲ್ಲೇ ಮಾಡಿದ. ಮಾವನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಅತ್ತೆ ಕೇಳಿದರು: "ಇದಕ್ಕೆ ಟಿಕೆಟ್ ಯಾಕಪ್ಪ? ಬೈಯಪ್ಪನಹಳ್ಳಿ ಗೇಟ್ ಹತ್ರ ನಿಂತ್ರೆ ಪುಕ್ಕಟೆ ಕೇಳುತ್ತಲ್ಲ!"

ಸೆಕ್ರೆಟರಿ ಬೇರೆ ಕಡೆ ನೋಡಿದರು. ಆದರೆ ನಿಜ ಹೇಳುತ್ತೇನೆ, ಅವರ ತುಟಿಯ ಮೇಲೆ ಒಂದು ನಗೆ ಸುಳಿದು ಹೋಯಿತು. ಆ ರೈಲನ್ನು ದಿನಾ ಮನೆಯಲ್ಲಿ ಕೇಳುತ್ತಿದ್ದವರು ಅವರೇ ಅಲ್ಲವೇ?

ಅತ್ತೆಯ ಕೈಯನ್ನು ಮೊದಲ ಸಲ ನಿಲ್ಲಿಸಿದವರು ಶಿವಾಜಿನಗರದಲ್ಲಿ ಟಾರ್ಪಾಲಿನ ಅಂಗಡಿ ಇಟ್ಟಿದ್ದ ರಹಮತ್ ಸಾಹೇಬರು. ಚಪ್ಪಾಳೆ ತಟ್ಟಲು ತಮ್ಮ ಅಂಗಡಿಯವರನ್ನೆಲ್ಲ ಕರೆತಂದು ಕವ್ವಾಲಿ ಎತ್ತಿದರು ನೋಡಿ, ಜಗಲಿಯ ಹೆಂಚೇ ಅದುರಿತು. ಅತ್ತೆಯ ಕೈ ನಿಂತಿತು. ನಿಂತದ್ದಷ್ಟೇ ಅಲ್ಲ, ಮೊರದ ಮೇಲೆ ತಾಳ ಹಾಕಿತು!

"ಅಮ್ಮಾ, ಪಾಸಾ ಫೇಲಾ? ಸೀದಾ ಬೋಲೋ" ಎಂದರು ಸಾಹೇಬರು.

"ಪಾಸು ಸಾಹೇಬ್ರೆ. ಆದ್ರೆ ಚಪ್ಪಾಳೆಗೆ ಇಷ್ಟೊಂದು ಜನ ಯಾಕೆ? ಇಬ್ರು ತಟ್ಲಿ, ಮಿಕ್ಕಿದೋರು ಈ ಕಡೆ ಬನ್ನಿ."

ಆ ಸಂಜೆ ಅತ್ತೆಯ ಜಗಲಿಯಲ್ಲಿ ಟಾರ್ಪಾಲಿನ ಅಂಗಡಿಯವರು ಸಾಲಾಗಿ ಕೂತು ಅವರೆಕಾಳು ಹಿತುಕಿದರು. ನನಗಿಂತ ಚೆನ್ನಾಗಿಯೇ ಹಿತುಕಿದರು.

ಹೀಗೆ ನಗುನಗುತ್ತಾ ನಡೆಯುತ್ತಿದ್ದದ್ದು ಸ್ಟೆಲ್ಲಾ ಟೀಚರ್ ಸರದಿ ಬಂದಾಗ ನಿಂತಿತು.

ಟೀಚರ್ ಅತ್ತೆಯ ಪಕ್ಕದ ಮನೆಯವರು. ಇವರ ಅಡುಗೆಮನೆಗೂ ಅವರ ಅಡುಗೆಮನೆಗೂ ಕಿಟಕಿಗೆ ಕಿಟಕಿ. ಕರಾವಳಿಯಲ್ಲಿ ಮೀನು ಹಿಡಿಯುತ್ತಿದ್ದ ಅವರ ತಮ್ಮ ಪ್ರತಿ ಕ್ರಿಸ್‌ಮಸ್ಸಿಗೂ ಅಕ್ಕನಿಗೆ ಒಣಮೀನಿನ ಪಾರ್ಸೆಲ್ ಕಳಿಸುತ್ತಿದ್ದ. ಅದನ್ನು ಬಿಚ್ಚಿದ ಕ್ಷಣವೇ ಅತ್ತೆ ತಮ್ಮ ಕಿಟಕಿಯನ್ನು ಇಡೀ ಬೀದಿಗೆ ಕೇಳುವಂತೆ ದಢಾರನೆ ಮುಚ್ಚುತ್ತಿದ್ದರು. ಆ ವರ್ಷವೂ ಪಾರ್ಸೆಲ್ ಬಂತು, ಕಿಟಕಿ ಮುಚ್ಚಿತು. ಹಬ್ಬದ ಮರುದಿನ ಸಮುದ್ರ ಉಕ್ಕಿತು. ತಮ್ಮ ಸಿಗಲೇ ಇಲ್ಲ. ಅಂದಿನಿಂದ ಅತ್ತೆಯ ಕಿಟಕಿ ಹಗಲೂ ರಾತ್ರಿ ತೆರೆದೇ ಇತ್ತು.

ಟೀಚರ್ ಚರ್ಚಿನಲ್ಲಿ ಹಾಡುವವರು, ಒಳ್ಳೆಯ ಕಂಠ. ಸೆಕ್ರೆಟರಿ ಅತ್ತೆಯ ಕಿವಿಯಲ್ಲಿ ಹೇಳಿದರು: "ಇವರನ್ನ ಕೊನೇಗೆ ಇಡೋಣ ಮೇಡಂ. ತಮ್ಮನ ವಿಷಯ ಮೈಕಲ್ಲಿ ಹೇಳಿ, ಹಾಡು ಶುರುವಾದ ಕೂಡ್ಲೇ ಚಂದಾ ಡಬ್ಬಿ ತಿರುಗಿಸಿಬಿಟ್ರೆ ಎಲ್ರೂ ದುಡ್ಡು ಹಾಕ್ತಾರೆ. ಒಳ್ಳೇ ಕೆಲಸಕ್ಕೆ ತಾನೆ?" ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪಾಪ. ಟೀಚರನ್ನು ಒಪ್ಪಿಸಿದವರೂ ಅವರೇ. ನಿಮ್ಮೂರಿನವರಿಗಾಗಿ ಅಲ್ಲವೇ ಎಂದಾಗ ಆಕೆ ಹೇಗೆ ಬೇಡ ಎಂದಾರು?

ಟೀಚರ್ ನಿಂತರು. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಾ ಹಾಡಿದರು. ಕಂಠ ನಡುಗುತ್ತಿತ್ತು. ನನ್ನ ಕೈ ಯಾವಾಗಲೋ ನಿಂತಿತ್ತು. ಅತ್ತೆಯ ಕೈ? ಅದು ಎಂದೂ ಇಲ್ಲದ ವೇಗದಲ್ಲಿ ಓಡುತ್ತಿತ್ತು! ತಲೆ ಎತ್ತದೆ, ಪುಳಕ್ ಪುಳಕ್ ಎಂದು ಹಿತುಕಿಯೇ ಹಿತುಕಿದರು.

ಹಾಡು ಮುಗಿಯಿತು. "ಇಲ್ಲ" ಎಂದರು ಅತ್ತೆ. "ಕೈ ನಿಲ್ಲಲಿಲ್ಲ. ನೀನು ಸ್ಟೇಜ್ ಮೇಲೆ ಹಾಡೋದು ಬೇಡ."

ಟೀಚರ್ ಒಂದು ಗಳಿಗೆ ಅತ್ತೆಯನ್ನೇ ನೋಡಿ ಮನೆಗೆ ನಡೆದರು. ಜಗಲಿಯಲ್ಲಿ ಗುಸುಗುಸು ಎದ್ದಿತು. ಸೆಕ್ರೆಟರಿ ಮೊದಲ ಸಲ ದನಿ ಏರಿಸಿ, "ನಿಮಗೆ ಹೃದಯ ಇದೆಯಾ ಮೇಡಂ?" ಎಂದೇಬಿಟ್ಟರು. ಮಾತಿಗೆ ಮಾತು ಕೊಡದ ಅತ್ತೆಯನ್ನು ನಾನು ಕಂಡದ್ದು ಅದೇ ಮೊದಲು.

ನನಗೂ ಕೋಪ ಬಂದಿತ್ತು. ಮುಖ ಊದಿಸಿಕೊಂಡು ಪಾತ್ರೆಯನ್ನು ಒಳಗೆ ಒಯ್ದು ತೊಳೆಯಲು ನೀರು ಹಾಕಿದೆ. ಸಿಪ್ಪೆಗಳೆಲ್ಲ ತೇಲಿ ಮೇಲೆ ಬಂದವು. ಪಾತ್ರೆಯ ಮೇಲರ್ಧ ಬರೀ ಸಿಪ್ಪೆ! ಓಡಿಹೋಗಿ ಮೊರ ನೋಡಿದೆ. ಬೇಳೆಯೆಲ್ಲ ಅಲ್ಲಿ, ಸಿಪ್ಪೆಯ ರಾಶಿಯ ಮೇಲೆ. ಹುಟ್ಟಿದಾಗಿನಿಂದ ಕಾಳು ಹಿತುಕಿದ ಕೈ ಆ ಹಾಡಿನ ಉದ್ದಕ್ಕೂ ಬೇಳೆ ಎಸೆದು ಸಿಪ್ಪೆ ಕೂಡಿಟ್ಟಿತ್ತು.

"ಅತ್ತೆ, ಕೈ ಸುಳ್ಳು ಹೇಳಲ್ಲ ಅಂದಿದ್ರಿ?"

"ಸುಮ್ನಿರೇ" ಎಂದರು ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡರು. "ತಮ್ಮ ಹೋಗಿ ಇನ್ನೂ ತಿಂಗಳಾಗಿಲ್ಲ. ಆ ಹುಡುಗೀನ ಮೈಕ್ ಮುಂದೆ ನಿಲ್ಸಿ, ಅವಳ ಅಳು ತೋರಿಸಿ ಡಬ್ಬಿ ಅಲ್ಲಾಡಿಸ್ಬೇಕಾ? ಅವಳಿಗೆ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನಂಗೆ ಬರುತ್ತಲ್ಲ!"

ಹೇಳಿದವರೇ ಕಿಟಕಿಗೆ ಹೋಗಿ ಕೂಗಿದರು: "ಏ ಸ್ಟೆಲ್ಲಾ! ಕಾರ್ಯಕ್ರಮದ ದಿನ ಉಪ್ಪಿಟ್ಟಿಗೆ ಕಾಳು ಹಿತುಕೋಕೆ ಜನ ಇಲ್ಲ. ನನ್ನ ಸೊಸೆ ಕೈ ನಂಬೋ ಹಾಗಿಲ್ಲ, ಊರಿಗೆಲ್ಲ ಹಾರಿಸ್ತಾಳೆ. ನೀನು ಬಾ."

ಸೊಸೆ ಎಂದರೆ ನಾನೇ, ಅಣ್ಣನ ಮಗಳು!

ಕಾರ್ಯಕ್ರಮದ ದಿನ ಸಭಾಂಗಣ ತುಂಬಿ ಜನ ಕಿಟಕಿಗಳಲ್ಲಿ ನಿಂತಿದ್ದರು. ರಹಮತ್ ಸಾಹೇಬರ ಕವ್ವಾಲಿಗೆ ಚರ್ಚಿನ ಪಾದ್ರಿಗಳೂ ತಾಳ ಹಾಕಿದರಂತೆ. ಯಾರೂ ಯಾರನ್ನೂ ಅಳಿಸಲಿಲ್ಲ, ಆದರೂ ಡಬ್ಬಿಗಳು ಭಾರವಾಗಿಯೇ ಬಂದವು. ಅದನ್ನು ಹೇಳಲು ಸೆಕ್ರೆಟರಿ ಹಿಂದಿನ ಅಡುಗೆ ಕೋಣೆಗೆ ಬಂದರು. ಅತ್ತೆಯ ಪಕ್ಕ ಕೂತು ಕಾಳು ಹಿತುಕುತ್ತಿದ್ದ ಟೀಚರನ್ನು ಕಂಡು ತಾವೂ ಒಂದು ಹಿಡಿ ಕಾಳು ತೆಗೆದುಕೊಂಡು ಕೂತರು.

"ಆಂಟಿ" ಎಂದರು ಟೀಚರ್, ಕೆಲಸ ಬಿಡದೆ, "ಅವತ್ತು ನೀವು ಬೇಡ ಅಂದ್ರಲ್ಲ, ಅವತ್ತೇ ನಂಗೆ ಸ್ವಲ್ಪ ನಿದ್ದೆ ಬಂದಿದ್ದು."

"ಮಾತು ಸಾಕು, ಸಿಪ್ಪೆ ನೋಡ್ಕೊಂಡು ಹಾಕು" ಎಂದರು ಅತ್ತೆ.

ಸ್ವಲ್ಪ ಹೊತ್ತಿಗೆ ಟೀಚರ್ ಏನೋ ಗುನುಗತೊಡಗಿದರು. ಬಲೆ ಎಳೆಯುವಾಗ ತಮ್ಮ ಹಾಡುತ್ತಿದ್ದದ್ದಂತೆ. ಮೈಕಿಲ್ಲ, ಡಬ್ಬಿಯಿಲ್ಲ. ಮೊದಲು ತುಟಿಯೊಳಗೆ, ಆಮೇಲೆ ಮೆಲ್ಲಗೆ, ಆಮೇಲೆ ಕಂಠ ಬಿಟ್ಟು. ನಡುಗಲಿಲ್ಲ. ಕೊನೆಯ ಸಾಲಿಗೆ ಬಂದಾಗ ಟೀಚರ್ ಸಣ್ಣಗೆ ನಕ್ಕರು ಕೂಡ.

ನಾನು ಅತ್ತೆಯ ಕಡೆ ತಿರುಗಿದೆ. ಅವರ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು.

"ಏನೇ ಹಾಗೆ ನೋಡ್ತೀಯ?" ಎಂದು ನನ್ನನ್ನು ಗದರಿದರು. "ಕಾಳು ಮುಗೀತು, ಅದಕ್ಕೇ ನಿಲ್ಸಿದೀನಿ."

ಅವರ ಮುಂದಿನ ಬೋಗುಣಿ ತುಂಬಾ ಕಾಳಿತ್ತು.