ಅವ್ವನ ಪಾಳಿ ಮತ್ತು ಅಧಿಕ ಮಾಸ

ಕ್ಯಾಲೆಂಡರನ್ನು ಜನ ನಾನಾ ಕಾರಣಕ್ಕೆ ನೋಡುತ್ತಾರೆ. ಕೆಲವರು ಹಬ್ಬಕ್ಕೆ, ಕೆಲವರು ಮುಹೂರ್ತಕ್ಕೆ, ನನ್ನಂಥ ಸರ್ಕಾರಿ ನೌಕರರು ಕೆಂಪು ಅಕ್ಷರದ ರಜೆಗಳಿಗೆ. ಹಬ್ಬ ಭಾನುವಾರವೇ ಬಂದುಬಿಟ್ಟರೆ ನಮಗೆ ವರ್ಷವಿಡೀ ಒಂದು ಕೊರಗು. ಆದರೆ ತೊಂಬತ್ತರ ದಶಕದಲ್ಲಿ ಎರಡೂವರೆ ವರ್ಷ ನಾನು ಕ್ಯಾಲೆಂಡರ್ ನೋಡುತ್ತಿದ್ದುದು ಅಮಾವಾಸ್ಯೆಗಾಗಿ ಮಾತ್ರ. ಅಮಾವಾಸ್ಯೆಯ ಮಾರನೆಯ ದಿನ ನಮ್ಮ ಅವ್ವ ಒಬ್ಬ ಮಗನ ಮನೆಯಿಂದ ಇನ್ನೊಬ್ಬ ಮಗನ ಮನೆಗೆ ಹೋಗಬೇಕಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ, ಇಷ್ಟು ವರ್ಷ ಸುಮ್ಮನಿದ್ದದ್ದು ಸಾಕು.

ನಾನು ಶಿಕಾರಿಪುರದಲ್ಲಿ ಕಂದಾಯ ಇಲಾಖೆಯ ದಾಖಲೆಗಳನ್ನು ನೋಡಿಕೊಳ್ಳುವ ಗುಮಾಸ್ತನಾಗಿದ್ದೆ. ತಮ್ಮ ಬಸವರಾಜ ಸೊರಬದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಅಪ್ಪ ತೀರಿಕೊಂಡ ಮೇಲೆ ಅವ್ವ ಮನಸ್ಸು ಬಂದಾಗ ನನ್ನ ಮನೆಗೆ, ನನ್ನ ಮೇಲೆ ಸಿಟ್ಟು ಬಂದಾಗ ಅವನ ಮನೆಗೆ ಹೋಗಿಬರುತ್ತಾ ಗಟ್ಟಿಮುಟ್ಟಾಗಿಯೇ ಇದ್ದಳು. ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳು ಹಾಗೆಯೇ ಒಲೆಯ ಮುಂದೆ ವಾಲಿಬಿಟ್ಟಳು. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು. ಓಣಿಯ ಆ ತುದಿಗೆ ಕೇಳುವಂತೆ ಮಾತಾಡುತ್ತಿದ್ದವಳ ಬಾಯಲ್ಲಿ ಉಳಿದದ್ದು ಎರಡೇ ಮಾತು. ಒಂದು ‘ಹೂಂ’, ಇನ್ನೊಂದು ‘ಬ್ಯಾಡ’. ಡಾಕ್ಟರು, ಇನ್ನು ಮೇಲೆ ಇವರ ಹತ್ತಿರ ಸದಾ ಒಬ್ಬರು ಇರಬೇಕು ಎಂದರು. ‘ಒಬ್ಬರು’ ಎಂದರೆ ಯಾರು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಂಜನಾಪುರದಿಂದ ಸೋದರಮಾವ ಬಂದು ಪಡಸಾಲೆಯಲ್ಲಿ ಕೂತು, “ಒಂದು ತಿಂಗಳು ದೊಡ್ಡವನ ಮನ್ಯಾಗ, ಒಂದು ತಿಂಗಳು ಸಣ್ಣವನ ಮನ್ಯಾಗ ಇರ್ಲಿ. ಅಮಾಸಿಯಿಂದ ಅಮಾಸಿಗೆ. ಜಗಳ ಆಡಬ್ಯಾಡ್ರಿ” ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಹಣಿ, ಖಾತೆಗಳ ನಡುವೆ ಕೂದಲು ನರೆಸಿಕೊಂಡವನಿಗೆ ಬಾಯಿಮಾತು ಎಂದರೆ ನಂಬಿಕೆಯಿಲ್ಲ. ನಾನು ಒಂದು ಕರಾರು ಪತ್ರ ಬರೆದೆ. ಚೈತ್ರ, ಜ್ಯೇಷ್ಠ, ಶ್ರಾವಣ, ಆಶ್ವಯುಜ, ಮಾರ್ಗಶಿರ, ಮಾಘ ಹಿರಿಯ ಮಗನಿಗೆ. ಉಳಿದ ಆರು ಕಿರಿಯ ಮಗನಿಗೆ. ಆರು ಇಲ್ಲಿ, ಆರು ಅಲ್ಲಿ, ತಕರಾರಿಗೆ ಎಡೆಯೇ ಇಲ್ಲ. ಇಬ್ಬರೂ ಸಹಿ ಹಾಕಿದೆವು. ಮಾವ ಕನ್ನಡಕ ಏರಿಸಿ ಓದಿ, “ಹೊಲಕ್ಕೆ ನಾಕೂ ದಿಕ್ಕಿಗೆ ಚೆಕ್ಕುಬಂದಿ ಹಾಕ್ದಂಗೆ ತಾಯಿಗೂ ಹಾಕಿಬಿಟ್ಟೆಲ್ಲೋ ಮಾರಾಯ” ಎಂದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಅವ್ವನನ್ನು ಸೊರಬಕ್ಕೆ ಕಳಿಸುವುದೆಂದರೆ ಸಣ್ಣ ಕೆಲಸವಲ್ಲ. ಪರಿಚಯದವನ ವ್ಯಾನು ಬಾಡಿಗೆಗೆ ಬರುತ್ತಿತ್ತು. ನಾನು ಮುಂದೆ ಡ್ರೈವರ್ ಪಕ್ಕ ಕೂರುತ್ತಿದ್ದೆ, ದಾರಿ ತೋರಿಸಲು. ನಮ್ಮೂರಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಇರುವ ದಾರಿಯನ್ನು ಆ ಡ್ರೈವರಿಗೆ ನಾನೇ ತೋರಿಸಬೇಕಿತ್ತು ನೋಡಿ! ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಗಿರಿಜಾ ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ರತಿ ಗುಂಡಿಗೂ ಎರಡು ಕೈಯಲ್ಲಿ ತಬ್ಬಿಕೊಂಡು ಕೂರುತ್ತಿದ್ದಳು. ಜೊತೆಗೆ ನನ್ನದೊಂದು ಪಟ್ಟಿ: ರಬ್ಬರ್ ಹಾಳೆ ಒಂದು, ಬೆಡ್‌ಪ್ಯಾನು ಒಂದು, ಎಣ್ಣೆ ಸೀಸೆ ಎರಡು, ಹಳೇ ಸೀರೆ ತುಂಡು ಹದಿನೆಂಟು. ‘ಮೇಲ್ಕಂಡ ಸಾಮಾನುಗಳನ್ನು ಸುಸ್ಥಿತಿಯಲ್ಲಿ ಪಡೆದಿರುತ್ತೇನೆ’ ಎಂದು ತಮ್ಮನಿಂದ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಪುಣ್ಯಕ್ಕೆ ಅವ್ವನ ಹೆಸರನ್ನು ಆ ಪಟ್ಟಿಯಲ್ಲಿ ಬರೆದಿರಲಿಲ್ಲ. ವ್ಯಾನಿನಿಂದ ಇಳಿಸುವಾಗ ಅವ್ವ ಎಡಗೈಯಿಂದ ಗಿರಿಜಾಳ ಸೆರಗು ಹಿಡಿದುಕೊಂಡು “ಬ್ಯಾಡ” ಎನ್ನುತ್ತಿದ್ದಳು. ಮುಂದಿನ ತಿಂಗಳು ಸೊರಬದಿಂದ ಹೊರಡುವಾಗ ತಮ್ಮನ ಹೆಂಡತಿ ಸುಜಾತಳ ಸೆರಗು ಹಿಡಿದುಕೊಂಡು ಅದನ್ನೇ ಹೇಳುತ್ತಿದ್ದಳು.

ನನ್ನ ಪಾಳಿ, ನನ್ನ ಪಾಳಿ ಎಂದು ನಾನು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಆ ಪಾಳಿಯಲ್ಲಿ ನಾನು ಮಾಡುತ್ತಿದ್ದುದು ಬೆಳಿಗ್ಗೆ ಮಂಚದ ಹತ್ತಿರ ನಿಂತು “ಏನವ್ವ, ಆರಾಮಾ?” ಎಂದು ಕೇಳುವುದು, ಅವಳು “ಹೂಂ” ಎಂದ ಮೇಲೆ ಸಮಾಧಾನವಾಗಿ ಆಫೀಸಿಗೆ ಹೋಗುವುದು. ಉಳಿದದ್ದೆಲ್ಲ ಗಿರಿಜಾಳದು. ಮದುವೆಯಾಗಿ ಬಂದಾಗಿನಿಂದ ಅವಳು ಹೊಲಿಗೆ ಹೊಲಿಯುತ್ತಿದ್ದಳು. ಓಣಿಯ ಹೆಂಗಸರು ರವಿಕೆ ಕಣ ಹಿಡಿದುಕೊಂಡು ಬಂದರೆ ಸಂಜೆವರೆಗೂ ಮಾತು, ನಗು, ಯಂತ್ರದ ಸದ್ದು. ಅವ್ವ ಮಲಗಿದ ಮೇಲೆ ಹೆಂಗಸರು ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಯಂತ್ರದ ಮುಚ್ಚಳದ ಮೇಲೆ ಮಾತ್ರೆ ಡಬ್ಬಿ, ಗಂಜಿ ಲೋಟ, ಪೌಡರ್ ಡಬ್ಬ ಬಂದು ಕೂತವು. ಪಂಚಮಿಗೆ ಕುಪ್ಪಗಡ್ಡೆಯ ತವರಿಗೆ ಹೋಗುವುದೂ ತಪ್ಪಿತು, ಏಕೆಂದರೆ ಶ್ರಾವಣ ನನ್ನದು. ಪತ್ರ ಬರೆಯುವಾಗ ನನಗೆ ಪಂಚಮಿ ನೆನಪಾಗಿರಲಿಲ್ಲ. ನನಗೇಕೆ ನೆನಪಾಗಬೇಕು? ನಾನೇನು ತವರಿಗೆ ಹೋಗುವವನೇ?

ಇಷ್ಟಾದರೂ ಹೆಸರು ಬಂದದ್ದು ನನಗೆ. ಅವ್ವನನ್ನು ನೋಡಲು ಬ್ರೆಡ್ಡು, ಮೂಸಂಬಿ ಹಿಡಿದು ಬಂದವರು ಗಿರಿಜಾ ತಂದುಕೊಟ್ಟ ಚಹಾ ಕುಡಿಯುತ್ತಾ ನನ್ನ ಮುಖ ನೋಡಿ, “ಈ ಕಾಲದಾಗೆ ಇಂಥ ಮಗ ಎಲ್ಲಿ ಸಿಗ್ತಾನೆ ಬಿಡ್ರಿ” ಎನ್ನುತ್ತಿದ್ದರು. ಆಫೀಸಿನಲ್ಲಂತೂ ‘ತಾಯಿಯ ಆರೈಕೆ’ ಎಂದು ಬರೆದ ರಜೆ ಅರ್ಜಿಯನ್ನು ಸಾಹೇಬರು ಪೂರ್ತಿ ಓದದೆಯೇ ಸಹಿ ಮಾಡುತ್ತಿದ್ದರು. ಹಾಗೆ ಪಡೆದ ರಜೆಗಳಲ್ಲಿ ಮೂರನ್ನು ಎದುರುಮನೆಯ ಟಿ.ವಿ.ಯಲ್ಲಿ ಕ್ರಿಕೆಟ್ ನೋಡಿ ಕಳೆದಿದ್ದೇನೆ. ಮಧ್ಯೆ ಒಮ್ಮೆ ಮನೆಗೆ ಬಂದು “ಅವ್ವ ಮಲಗಿದ್ಲಾ?” ಎಂದು ಕೇಳಿ ಹೋಗಿದ್ದುಂಟು.

ಎರಡನೆಯ ವರ್ಷ ಗಿರಿಜಾಳ ಸೊಂಟ ಹಿಡಿಯಿತು. ಅವ್ವ ದಪ್ಪ ಜೀವ. ದಿನಕ್ಕೆ ಏಳೆಂಟು ಸಲ ಎತ್ತಿ, ಕೂರಿಸಿ, ಮಗ್ಗುಲು ಬದಲಿಸಿ ಅವಳ ಎಡಗಾಲಿಗೂ ನೋವು ಇಳಿದಿತ್ತು. ಶಿವಮೊಗ್ಗದ ಮೂಳೆ ಡಾಕ್ಟರು, “ಒಂದು ತಿಂಗಳು ಹಲಗೆ ಮೇಲೆ ಮಲಗಬೇಕಮ್ಮ. ಕೊಡಪಾನ ಕೂಡ ಎತ್ತಬಾರದು. ಹೀಗೇ ಬಿಟ್ಟರೆ ಕಾಲು ಸೋಲುತ್ತೆ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದು ಇಷ್ಟೇ: “ಜ್ಯೇಷ್ಠ ಮುಗಿದು ಅತ್ತೆ ಸೊರಬಕ್ಕೆ ಹೋಗ್ಲಿ ಕಣ್ರೀ. ಆ ತಿಂಗಳು ಮಲಗಿಬಿಡ್ತೀನಿ.” ಮನೆಗೆ ಬಂದವಳೇ ಕ್ಯಾಲೆಂಡರಿನ ಅಮಾವಾಸ್ಯೆಗೆ ಕಾಡಿಗೆಯಿಂದ ಒಂದು ಬೊಟ್ಟಿಟ್ಟಳು. ಅವ್ವನಿಗೂ ದಿನಾ ಹೇಳುತ್ತಿದ್ದಳು, ಇನ್ನು ಹತ್ತು ದಿನ ಅತ್ತೆ, ಇನ್ನು ಒಂಬತ್ತು. ಅವ್ವ “ಹೂಂ” ಎನ್ನುತ್ತಿದ್ದಳು.

ಆರು ದಿನ ಇದೆ ಎನ್ನುವಾಗ ಬಸವರಾಜ ನನ್ನ ಆಫೀಸಿಗೆ ಫೋನ್ ಮಾಡಿದ. “ಅಣ್ಣಾ, ಈ ಅಮಾಸೆಗೆ ಅವ್ವನ್ನ ಕರ್ಕೊಂಡು ಬರ್ಬೇಡ. ಇದು ಅಧಿಕ ಜ್ಯೇಷ್ಠ. ನಿಜವಾದ ಜ್ಯೇಷ್ಠ ಮುಂದಿನ ತಿಂಗಳು ಐತೆ. ಕಾಗದದಾಗೆ ಜ್ಯೇಷ್ಠ ನಿಂದು ಅಂತ ನೀನೇ ಬರ್ದಿದೀಯ.”

ಹನ್ನೆರಡು ತಿಂಗಳಿಗೆ ಇಷ್ಟು ಬಂದೋಬಸ್ತು ಮಾಡಿದವನು ಹದಿಮೂರನೆಯದನ್ನು ಮರೆತಿದ್ದೆ! ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಎಂದ ಮಾವನ ಬಾಯಿಮಾತು ಹಾಗೇ ಇದ್ದಿದ್ದರೆ ಅಧಿಕ ಮಾಸ ಬರಲಿ, ಬಿಡಲಿ, ಪಾಳಿ ತಾನಾಗಿ ಬದಲಾಗುತ್ತಿತ್ತು. ಕೆಡಿಸಿದ್ದು ನನ್ನ ಅಕ್ಷರ. ಮನೆಗೆ ಬಂದು ಗಿರಿಜಾಳಿಗೆ ವಿಷಯ ತಿಳಿಸಿ, “ನೀನೇನೂ ಚಿಂತೆ ಮಾಡಬೇಡ. ಭಾನುವಾರ ನಾನೇ ಹೋಗಿ ಬಾಯಿ ಮುಚ್ಚಿಸಿ ಬರ್ತೀನಿ” ಎಂದೆ. ಅವಳು ಕಾಡಿಗೆಯ ಬೊಟ್ಟನ್ನು ನೋಡಿದಳು, ನನ್ನನ್ನು ನೋಡಿದಳು.

ಭಾನುವಾರ ಬೆಳಿಗ್ಗೆ ಪತ್ರ, ಪಂಚಾಂಗ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಸೊರಬದ ಬಸ್ಸು ಹತ್ತಿದೆ. ನಮ್ಮ ಮಗಳು ರಜೆಗೆಂದು ಕುಪ್ಪಗಡ್ಡೆಗೆ ಹೋಗಿದ್ದಳು, ಹಾಗಾಗಿ ಮನೆಯಲ್ಲಿ ಗಿರಿಜಾ ಮತ್ತು ಅವ್ವ ಇಬ್ಬರೇ. ಸೊರಬದಲ್ಲಿ ಮಂಡಕ್ಕಿ ತಿನ್ನುತ್ತಾ ಅಣ್ಣ ತಮ್ಮ ಇಬ್ಬರೂ ವಾದಕ್ಕೆ ಕೂತೆವು. “ಅಧಿಕ ಮಾಸದಾಗೆ ಯಾರಾದ್ರೂ ಮದುವೆ ಮಾಡ್ತಾರೇನಣ್ಣ? ಲೆಕ್ಕಕ್ಕಿಲ್ಲದ ತಿಂಗಳು ಅದು” ಎಂದ ಬಸವರಾಜ. “ಲೆಕ್ಕಕ್ಕಿಲ್ದಿದ್ರೆ ಈ ಒಂದು ತಿಂಗಳು ಅವ್ವ ಊಟ ಮಾಡ್ಲಿಲ್ವೇನೋ? ಬಟ್ಟೆ ಒದ್ದೆ ಆಗ್ಲಿಲ್ವೇನೋ?” ಎಂದೆ ನಾನು. ಒದ್ದೆ ಬಟ್ಟೆ ಎಲ್ಲಿ ಒಣಗುತ್ತದೆಂದು ಕೇಳಿದ್ದರೆ ನನಗೆ ಉತ್ತರ ಬರುತ್ತಿರಲಿಲ್ಲ. ಸುಜಾತ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. “ಭಾವ, ತಪ್ಪು ತಿಳ್ಕೋಬೇಡಿ. ಜಡೆ ಊರಾಗೆ ಅಂಗನವಾಡಿ ಕೆಲಸ ಸಿಕ್ಕೈತೆ ನಂಗೆ. ಮುಂದಿನ ತಿಂಗಳು ತರಬೇತಿ. ಹೋಗ್ಲಿಲ್ಲ ಅಂದ್ರೆ ಬೇರೇರಿಗೆ ಕೊಡ್ತಾರೆ. ಅತ್ತೆ ಇಲ್ಲಿದ್ರೆ ನಾನು ಹೆಂಗೆ ಹೋಗ್ಲಿ?” ಎಂದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿಯೂ ನಾನು ವಾದ ಬಿಡಲಿಲ್ಲ. ಕೊನೆಗೆ ತಿಂಗಳನ್ನು ಅರ್ಧ ಮಾಡಿದೆವು. ಹುಣ್ಣಿಮೆವರೆಗೆ ನನ್ನದು, ಆಮೇಲೆ ಅವನದು. ಬೇರೆ ಹಾಳೆಯಲ್ಲಿ ತಿದ್ದುಪಡಿ ಬರೆದು ಸಹಿ ಹಾಕಿಸಿಕೊಂಡು, ದಾವೆ ಗೆದ್ದವನ ಹಾಗೆ ಬಸ್ಸಿನ ಕಿಟಕಿ ಪಕ್ಕ ಕೂತು ಬಂದೆ.

ಮನೆಗೆ ಬರುವಷ್ಟರಲ್ಲಿ ನಾಲ್ಕು ಗಂಟೆ. ಬಾಗಿಲು ಬರೀ ಮುಂದೆ ಮಾಡಿತ್ತು. ಒಳಗೆ ಅವ್ವನ ಮಂಚದ ಪಕ್ಕ ನೆಲದ ಮೇಲೆ ಗಿರಿಜಾ ಅಂಗಾತ ಬಿದ್ದಿದ್ದಳು. ಮಧ್ಯಾಹ್ನ ಹನ್ನೆರಡಕ್ಕೆ ಅವ್ವನನ್ನು ಎತ್ತಲು ಬಗ್ಗಿದವಳು ಮತ್ತೆ ಏಳಲು ಆಗದೆ ಹಾಗೇ ಉಳಿದಿದ್ದಳು. ಅವ್ವ ಮಂಚದ ಅಂಚಿಗೆ ಜರುಗಿ, ತನ್ನ ಒಂದೇ ಕೈಯಲ್ಲಿ ಬೀಸಣಿಗೆ ಹಿಡಿದು ಸೊಸೆಗೆ ಗಾಳಿ ಹಾಕುತ್ತಿದ್ದಳು. ಎಷ್ಟು ಹೊತ್ತಿನಿಂದ ಹಾಕುತ್ತಿದ್ದಳೋ ಏನೋ, ಆ ಕೈ ಸೋತಿತ್ತು. ಬೀಸಣಿಗೆ ಮಾತ್ರ ನಿಂತಿರಲಿಲ್ಲ.

“ಏಳಾಕೆ ಆಗ್ತಿಲ್ಲ ಕಣ್ರೀ” ಎಂದಳು ಗಿರಿಜಾ. ನಂತರ, “ಅತ್ತೆ ಬಟ್ಟೆ ಮಧ್ಯಾಹ್ನದಿಂದ ಹಂಗೇ ಐತೆ. ಮೊದ್ಲು ಅದನ್ನ ನೋಡ್ರಿ” ಎಂದಳು.

ನನ್ನ ಕೈಯಲ್ಲಿ ತಿದ್ದುಪಡಿ ಪತ್ರವಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹೊಲಿಗೆ ಯಂತ್ರದ ಮೇಲಿಟ್ಟೆ. ಸೀರೆ ತುಂಡುಗಳು ಹದಿನೆಂಟು ಎಂದು ಪಟ್ಟಿಯಲ್ಲಿ ನೂರು ಸಲ ಬರೆದಿದ್ದೆ, ಮನೆಯಲ್ಲಿ ಅವು ಎಲ್ಲಿರುತ್ತವೆ ಎಂಬುದು ಗೊತ್ತಿರಲಿಲ್ಲ. “ಟ್ರಂಕಿನ ಹಿಂದೆ... ಅದಲ್ಲ ರೀ, ಆ ಕಡೆ... ಎಡ ಮಗ್ಗುಲಿಗೆ ತಿರುಗಿಸ್ರಿ, ಹೆಗಲು ಹಿಡಿದು ಎಳಿಬ್ಯಾಡ್ರಿ, ನೋವಾಗ್ತೈತೆ” ಎಂದು ಅವಳು ನೆಲದ ಮೇಲಿನಿಂದಲೇ ಹೇಳುತ್ತಿದ್ದಳು. ನಾನು ಬಟ್ಟೆಗೆ ಕೈ ಹಾಕುತ್ತಲೇ ಅವ್ವ “ಬ್ಯಾಡ, ಬ್ಯಾಡ” ಎಂದು ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ನನ್ನನ್ನು ಹೆತ್ತು, ತೊಳೆದು, ಒರೆಸಿ ದೊಡ್ಡವನನ್ನಾಗಿ ಮಾಡಿದವಳು ನನ್ನ ಮುಂದೆ ನಾಚಿಕೆಯಿಂದ ಅಳುತ್ತಿದ್ದಳು. ನಾನೂ ಅತ್ತೆ. ಸುಳ್ಳೇಕೆ ಹೇಳಲಿ, ಕನಿಕರಕ್ಕಿಂತ ಹೆಚ್ಚಾಗಿ ನನ್ನ ಮೇಲೇ ಹೇಸಿಗೆಯಾಗಿ ಅತ್ತೆ.

ಮಾರನೆಯ ದಿನ ಸುದ್ದಿ ತಿಳಿದು ಬಸವರಾಜ, ಸುಜಾತ ಓಡಿಬಂದರು. “ಅಣ್ಣಾ, ಇವತ್ತೇ ಕರ್ಕೊಂಡು ಹೋಗ್ತೀವಿ. ಕೆಲಸ ಹೋದ್ರೆ ಹೋಗ್ಲಿ” ಎಂದ. ಸುಜಾತ ತಲೆ ತಗ್ಗಿಸಿಕೊಂಡು ಅವ್ವನ ಬಟ್ಟೆ ಮಡಚತೊಡಗಿದಳು. “ಬ್ಯಾಡ” ಎಂದೆ. ಅವ್ವನ ಮಾತೇ ನನ್ನ ಬಾಯಿಗೂ ಬಂತು. “ಮೊದಲು ಬರೆದ ಕಾಗದದ ಪ್ರಕಾರ ಎರಡು ಜ್ಯೇಷ್ಠವೂ ನಂದೇ. ಸುಜಾತ ತರಬೇತಿಗೆ ಹೋಗ್ಲಿ.” ತಿದ್ದುಪಡಿಯನ್ನು ಹರಿದು ಹಾಕಿದೆ. ನನ್ನ ನೌಕರಿಯಲ್ಲಿ ದಾಖಲೆ ಹರಿದದ್ದು ಅದೊಂದೇ ಸಲ.

ಒಂದು ತಿಂಗಳ ಗಳಿಕೆ ರಜೆಗೆ ಅರ್ಜಿ ಬರೆದೆ. ಕಾರಣದ ಜಾಗದಲ್ಲಿ ‘ತಾಯಿಯ ಆರೈಕೆ’ ಎಂದು ಬರೆಯುವಾಗ ಕೈ ತಡೆಯಿತು. ಸಾಹೇಬರು ಮಾತ್ರ ಎಂದಿನಂತೆ ಓದದೆಯೇ ಸಹಿ ಮಾಡಿದರು. ಗಿರಿಜಾ ನಡುಮನೆಯ ಹಲಗೆಯ ಮೇಲೆ, ಅವ್ವ ಮಂಚದ ಮೇಲೆ, ಇಬ್ಬರ ನಡುವೆ ನಾನು. ಗಂಜಿ ಸೀದುಹೋಯಿತು. ಮಾತ್ರೆ ಅದಲುಬದಲಾಗುವುದರಲ್ಲಿತ್ತು, ಅವ್ವನೇ “ಬ್ಯಾಡ” ಎಂದು ಬಾಯಿ ಮುಚ್ಚಿಕೊಂಡು ಉಳಿಸಿದಳು. ಎರಡನೆಯ ವಾರಕ್ಕೆ ಯಾರಾದರೂ ‘ಅವ್ವ ಹೇಗಿದ್ದಾರೆ?’ ಎಂದು ಕೇಳಿದರೆ ನನಗೆ ಸಿಟ್ಟು ಬರತೊಡಗಿತು. ನೀನು ಹೇಗಿದ್ದೀಯ ಎಂದು ಒಬ್ಬರೂ ಕೇಳುವುದಿಲ್ಲವಲ್ಲ! ಆಗಲೇ ಹೊಳೆದದ್ದು, ಒಂದು ವರ್ಷದ ಮೇಲಾದರೂ ನಾನು ಗಿರಿಜಾಳನ್ನು ಹಾಗೆ ಕೇಳಿರಲಿಲ್ಲ ಎಂದು. ಅಂದು ಹಲಗೆಯ ಹತ್ತಿರ ಹೋಗಿ ಕೇಳಿದೆ. ಅವಳು ನನ್ನ ಮುಖ ನೋಡಿ, “ಏನಾಗೈತೆ ನಿಮಗೆ? ಜ್ವರ ಗಿರ ಬಂದೈತಾ?” ಎಂದಳು. ಆ ವಾರದಲ್ಲೇ ಒಂದು ಬೆಳಿಗ್ಗೆ ನಾನು ಬಟ್ಟೆ ಬದಲಿಸಲು ಹೋದಾಗ ಅವ್ವ ಗೋಡೆಗೆ ತಿರುಗಲಿಲ್ಲ. “ಹೂಂ” ಎಂದಳು.

ರಜೆ ಮುಗಿದು ನಾನು ಆಫೀಸಿಗೆ ಹೋದ ಮೇಲೆ ಅವ್ವನ ಕೆಲಸ ಮತ್ತೆ ಸೊಸೆಯರದೇ ಆಯಿತು. ಮುಂದಿನ ಅಧಿಕ ಮಾಸ ಬರುವ ಮೊದಲೇ ಅವ್ವ ಹೋಗಿಬಿಟ್ಟಳು. ಸುಜಾತ ಅಂಗನವಾಡಿಯಲ್ಲಿ ಗಟ್ಟಿಯಾಗಿ ನಿಂತಳು. ಗಿರಿಜಾಳ ಸೊಂಟ ಪೂರ್ತಿ ಸರಿಹೋಗಲಿಲ್ಲ. ಹೊಲಿಗೆ ಯಂತ್ರ ತುಳಿಯಲು ಎಡಗಾಲು ಏಳುವುದಿಲ್ಲ. ಯಂತ್ರ ಇನ್ನೂ ಅಲ್ಲೇ ಇದೆ. ಕೊಡೋಣವೆಂದರೆ ಬೇಡ ಎನ್ನುತ್ತಾಳೆ.

ಈಗಲೂ ನೆಂಟರು ಬಂದರೆ ಮಾತು ಅಲ್ಲಿಗೇ ಹೋಗುತ್ತದೆ. “ಎರಡೂವರೆ ವರ್ಷ ತಾಯಿ ಸೇವೆ ಮಾಡಿದ ಪುಣ್ಯಾತ್ಮ” ಎಂದು ನನ್ನನ್ನು ತೋರಿಸುತ್ತಾರೆ. ಇಲ್ಲ ರೀ, ನಾನು ಮಾಡಿದ್ದು ಒಂದೇ ತಿಂಗಳು, ಎಂದು ಹೇಳಲು ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಗಿರಿಜಾ ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು ಚಹಾ ತರುತ್ತಾಳೆ. ತೆರೆದ ಬಾಯಿಗೆ ಚಹಾ ಸುರಿದುಕೊಳ್ಳುತ್ತೇನೆ. ಆ ತಿಂಗಳು ಕಲಿತದ್ದರಲ್ಲಿ ಒಂದು ಮಾತ್ರ ಉಳಿದಿದೆ, ಕುಡಿದ ಲೋಟಗಳನ್ನು ನಾನೇ ಎತ್ತಿಕೊಂಡು ಹೋಗಿ ತೊಳೆದಿಡುತ್ತೇನೆ. ಅದನ್ನೂ ಅವರು ಬಿಡುವುದಿಲ್ಲ. “ಇಂಥ ಗಂಡ ಸಿಗಾಕೆ ಪುಣ್ಯ ಮಾಡಿರ್ಬೇಕು ಕಣಮ್ಮ ಗಿರಿಜಾ” ಎನ್ನುವುದು ಬಚ್ಚಲಿಗೆ ಕೇಳಿಸುತ್ತದೆ. ನಾನು ನಲ್ಲಿ ನಿಲ್ಲಿಸಿ, ಅವಳು ಏನನ್ನುತ್ತಾಳೋ ಎಂದು ಕಿವಿಗೊಡುತ್ತೇನೆ. ಅವಳು “ಹೂಂ” ಎನ್ನುತ್ತಾಳೆ.