ಪಂದ್ಯದ ನಿದ್ದೆ

ನನ್ನ ಪತ್ನಿಯ ತಮ್ಮ ತನ್ನನ್ನು ಓಟಗಾರನೆಂದು ಕರೆದುಕೊಳ್ಳುತ್ತಾನೆ. ನಾನು ಕಂಡಂತೆ ಅವನು ಓಡಿದ್ದಕ್ಕಿಂತ ಮಲಗಿದ್ದೇ ಹೆಚ್ಚು! ಲೋಕದವರು ದಣಿದು ಮಲಗುತ್ತಾರೆ; ಈತ ಮಲಗುವುದಕ್ಕೆಂದೇ ದಣಿಯುತ್ತಾನೆ. ಇದು ಅಸೂಯೆಯ ಮಾತಲ್ಲ. ತಿರುವನಂತಪುರದ ಸಚಿವಾಲಯದ ಕಾನೂನು ವಿಭಾಗದಲ್ಲಿ ಇತರರ ಕರಡುಗಳ ತಪ್ಪು ತಿದ್ದುತ್ತಲೇ ನಿವೃತ್ತನಾದ ಕಾಸರಗೋಡಿನವನು ನಾನು. ಆಧಾರವಿಲ್ಲದೆ ಯಾರನ್ನೂ ದೂರುವವನಲ್ಲ.

ಆಧಾರಕ್ಕೆ ನನ್ನ ಬೀಳ್ಕೊಡುಗೆ ಸಭೆಯೊಂದೇ ಸಾಕು. ವಾರಗಟ್ಟಲೆ ತಿದ್ದಿ ತೀಡಿದ ಭಾಷಣವನ್ನು ನಾನು ಆರಂಭಿಸಿದ್ದೆನಷ್ಟೆ. ಮೊದಲ ಸಾಲಿನಲ್ಲಿ ಕುಳಿತಿದ್ದ ಈ ಮಹನೀಯ ಚೀಲದಿಂದ ಕಪ್ಪು ಕಣ್ಣುಪಟ್ಟಿ ತೆಗೆದು, ನಿಧಾನವಾಗಿ ಕಟ್ಟಿಕೊಂಡು, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ ಮಲಗಿಯೇ ಬಿಟ್ಟ. ತೂಕಡಿಸಿದ್ದರೆ ಕ್ಷಮಿಸಬಹುದಿತ್ತು, ಇದು ಪೂರ್ವಸಿದ್ಧತೆಯಿಂದ ಮಾಡಿದ ಕೃತ್ಯವಲ್ಲವೇ? ಸಭೆ ಮುಗಿದ ಮೇಲೆ ಬಂದು ಕೈ ಕುಲುಕಿದ. “ನಾಡಿದ್ದು ಓಟ ಉಂಟಲ್ಲ ಭಾವ. ನಿಮ್ಮ ಭಾಷಣದಿಂದ ದೊಡ್ಡ ಉಪಕಾರ ಆಯ್ತು.”

ಇನ್ನೊಮ್ಮೆ ತಿರುವನಂತಪುರದ ಶ್ರೀಕಾರ್ಯಂ ಬಡಾವಣೆಯ ನಮ್ಮ ಮನೆಗೆ ಬಂದವನು, ಊಟವಾದ ಮೇಲೆ ಮಲಗಲು ಹೊರಟು, ಗೋಡೆಯ ಗಡಿಯಾರದ ಸದ್ದು ಕಿವಿಗೆ ಚುಚ್ಚುತ್ತದೆಂದು ಅದರ ಬ್ಯಾಟರಿ ಕಿತ್ತಿಟ್ಟ. ಎದ್ದ ಮೇಲೆ ಸಜ್ಜನನಂತೆ ಮರಳಿ ಹಾಕಿದ; ಸಮಯವನ್ನು ಮಾತ್ರ ಸರಿಪಡಿಸಲಿಲ್ಲ. ಅವನು ಮಲಗಿದ್ದಷ್ಟು ಹೊತ್ತು ನಮ್ಮ ಮನೆಯ ಕಾಲವೂ ಮಲಗಿತ್ತು! ಆ ಗಡಿಯಾರವನ್ನು ನಂಬಿ, ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಬೇಕಿದ್ದ ನಿವಾಸಿಗಳ ಸಂಘದ ಸಭೆಗೆ ಹೋದರೆ, ಹೊಸ ಅಧ್ಯಕ್ಷರು ಕೃತಜ್ಞತೆ ಸಲ್ಲಿಸುತ್ತಿದ್ದರು. ಇಂದಿಗೂ ಆ ವ್ಯಕ್ತಿಯೇ ಅಧ್ಯಕ್ಷ. ಇವನು ಸಮಾಧಾನ ಹೇಳಿದ್ದು ಹೀಗೆ: “ಅಧ್ಯಕ್ಷರಾಗಿದ್ರೆ ನಿಮಗೆ ನಿದ್ದೆ ಎಲ್ಲಿಂದ ಬರ್ತಿತ್ತು ಭಾವ?”

ಅವನ ತಲೆದಿಂಬಿನ ವಿಷಯ ಬೇರೆಯೇ. ಎಲ್ಲಿಗೆ ಹೋದರೂ ಅದು ಜೊತೆಗಿರಲೇಬೇಕು. ನಮ್ಮ ಮನೆಯ ದಿಂಬುಗಳನ್ನು ಒತ್ತಿ ನೋಡಿ, ಕುತ್ತಿಗೆಗೆ ಆಗದೆಂದು ನಿರಾಕರಿಸಿದವನು ಅವನು. ತನ್ನ ದಿಂಬನ್ನು ಇನ್ನೊಬ್ಬರು ಮುಟ್ಟಿದರೂ ಅದರ ಹದ ಕೆಡುತ್ತದಂತೆ. ನನ್ನ ಮಗಳು ಒಮ್ಮೆ ಮರೆತು ಅದಕ್ಕೆ ಒರಗಿದಾಗ, ಅವಳೆದುರೇ ಎತ್ತಿಕೊಂಡು ಹೋಗಿ ಕಪಾಟಿನಲ್ಲಿಟ್ಟ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಕೊಚ್ಚಿಯ ವಲ್ಲಾರ್ಪಾಡದ ಬಂದರಿನಲ್ಲಿ ಅವನು ಬಹುಕಾಲ ರಾತ್ರಿ ಪಾಳಿ ಮಾಡಿದವನು. ಊರೆಲ್ಲ ಎದ್ದು ಗದ್ದಲ ಮಾಡುವ ಹೊತ್ತಿನಲ್ಲಿ ಕಿಟಕಿಗೆ ಹೊದಿಕೆ ಕಟ್ಟಿ ನಿದ್ದೆಗಾಗಿ ಒದ್ದಾಡಿದವನು. ನಿವೃತ್ತನಾಗಿ ಅಲ್ಲೇ ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಕೆಲವು ವಾರ ಕಣ್ತುಂಬ ಮಲಗಿದ ಮೇಲೆ, ಒಂದು ಬೆಳಿಗ್ಗೆ ಕಾಲು ತಾನಾಗಿಯೇ ಓಡಿತಂತೆ. “ಓಡುವಾಗ ಮೈ ಹರೀತದೆ ಭಾವ, ಮಲಗಿದಾಗ ಹೊಲಿಗೆ ಬೀಳ್ತದೆ. ಹೊಲಿಯದೆ ಪುನಃ ಓಡಿದ್ರೆ ಚಿಂದಿ.” ಹಿರಿಯರ ಓಟದ ಸ್ಪರ್ಧೆಯಲ್ಲಿ ಮಾತ್ರ ಅವನು ಪ್ರತಿವರ್ಷವೂ ನಾಲ್ಕನೆಯವನು, ಪದಕ ಮೂವರಿಗೆ. ಇಷ್ಟು ಮಲಗಿಯೂ ನಾಲ್ಕನೆಯ ಸ್ಥಾನವೇಕೆಂದು ಕೇಳಿದೆ. ಅವನು ಗಂಭೀರವಾಗಿಯೇ ಉತ್ತರಿಸಿದ: “ಮೂರು ಜನ ನನಗಿಂತ ಚೆನ್ನಾಗಿ ಮಲಗಿರ್ತಾರೆ.”

ಈ ವರ್ಷ ಅವನಿಗೆ ಅದೃಷ್ಟ ಒಲಿದಿತ್ತು. ಪ್ರತಿಸಲವೂ ಮೂರನೆಯವರಾಗಿ ಇವನ ಪದಕ ಕಸಿಯುತ್ತಿದ್ದವರು ಮೊಣಕಾಲು ನೋವೆಂದು ಹೆಸರು ಹಿಂತೆಗೆದುಕೊಂಡಿದ್ದರು. ಈ ಸಲ ಪದಕ ಸಿಗದಿದ್ದರೆ ತನ್ನ ವಯಸ್ಸಿಗೆ ಇನ್ನು ಸಿಗುವುದಿಲ್ಲವೆಂದು ಅವನೇ ಹೇಳುತ್ತಿದ್ದ. ಅದೇ ಹೊತ್ತಿಗೆ ನನ್ನ ಪತ್ನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ, ನಾನು ನಿದ್ದೆಗೆಟ್ಟು ಆಸ್ಪತ್ರೆಯ ಕುರ್ಚಿಯಲ್ಲೇ ವಾಸವಾಗಿದ್ದೆ. ಅಕ್ಕನನ್ನು ನೋಡಲು ಓಟದ ಹಿಂದಿನ ದಿನ ಬಂದ ಇವನು, ಅವಳ ಪಕ್ಕ ಕುಳಿತೇ ರಾತ್ರಿಯ ನಿದ್ದೆ ಕಳೆದುಕೊಂಡ. ಆ ಕೊರತೆಯನ್ನು ಮರುದಿನ ಕೊಚ್ಚಿಗೆ ಮರಳುವ ರೈಲಿನಲ್ಲಿ ತುಂಬಿಕೊಂಡು, ಸಂಜೆ ನೇರವಾಗಿ ಮೈದಾನಕ್ಕಿಳಿಯುವುದು ಅವನ ಯೋಜನೆ. ಮಗಳು ಬಂದಿದ್ದಳಾದ್ದರಿಂದ ಪತ್ನಿ ನನಗೂ ಆಜ್ಞೆ ಮಾಡಿದಳು: “ನೀವೂ ಹೋಗಿ. ನಿಮ್ಮ ಮುಖ ನೋಡಿದ್ರೆ ನನಗಿಂತ ನೀವೇ ರೋಗಿ.”

ರೈಲಿನಲ್ಲಿ ಅವನು ಕಿಟಕಿಯ ಪಕ್ಕ ದಿಂಬು ಪ್ರತಿಷ್ಠಾಪಿಸಿ ಕಣ್ಣುಪಟ್ಟಿ ಕಟ್ಟಿದ. ಕೂಗುತ್ತ ಬಂದ ಚಹಾದವನಿಗೆ “ಪದುಕ್ಕೆ, ಚೇಟ್ಟಾ” ಎಂದು ಮೆಲ್ಲಗೆ ಮಾತಾಡಲು ಅಪ್ಪಣೆಯಾಯಿತು. ಈ ಪಂದ್ಯದ ನಿದ್ದೆಗಾಗಿ ಇಡೀ ಬೋಗಿ ಮೌನವ್ರತ ಹಿಡಿಯಬೇಕೇ ಎಂದು ನಾನು ಮನಸ್ಸಿನಲ್ಲೇ ಆಕ್ಷೇಪಣೆ ದಾಖಲಿಸಿದೆ. ಹಗಲು ಮಲಗುವ ಅಭ್ಯಾಸ ನನಗಿಲ್ಲ. ಕೊಲ್ಲಂ ದಾಟಿದ್ದು ನೆನಪಿದೆ. ಕಾಯಂಕುಳದಲ್ಲಿ ಯಾರೋ ಪೆಟ್ಟಿಗೆ ಇಳಿಸಿದ್ದೂ ನೆನಪಿದೆ. ಅದಾದ ಮೇಲೆ ನೆನಪಿಲ್ಲ.

“ಪದುಕ್ಕೆ, ಚೇಟ್ಟಾ.”

ಕಣ್ಣು ಬಿಟ್ಟಾಗ ಅವನು ಅದೇ ಮಾತನ್ನು ಇನ್ನೊಬ್ಬ ಚಹಾದವನಿಗೆ ಪಿಸುಗುಟ್ಟುತ್ತಿದ್ದ. ನನ್ನ ತಲೆ ಅವನ ಭುಜದ ಮೇಲಿತ್ತು. ತಲೆಗೂ ಭುಜಕ್ಕೂ ನಡುವೆ ಆ ದಿಂಬಿತ್ತು. ಕಣ್ಣುಪಟ್ಟಿ ಅವನ ತೊಡೆಯ ಮೇಲೆ ಬಿದ್ದಿತ್ತು. ಎದುರು ಕುಳಿತಿದ್ದ ವೃದ್ಧೆ ಮಲಯಾಳದಲ್ಲಿ ನನ್ನನ್ನೇ ದೂರಿದರು: ನಿಮ್ಮ ದೆಸೆಯಿಂದ ಈ ಮನುಷ್ಯ ನನಗೆ ಚಿಪ್ಸಿನ ಪೊಟ್ಟಣವನ್ನೂ ಬಿಚ್ಚಗೊಡಲಿಲ್ಲ, ತಾನೂ ಕಂಬದಂತೆ ಅಲ್ಲಾಡದೆ ಕೂತ. ನಾವು ಇಳಿಯಬೇಕಾದ ಎರ್ನಾಕುಲಂ ಬಂದಿತ್ತು. ಎಬ್ಬಿಸಬಾರದಿತ್ತೇ ಎಂದು ಗದರಿದೆ. ಅವನು ಮರಗಟ್ಟಿದ ತೋಳನ್ನು ತಿಕ್ಕಿಕೊಳ್ಳುತ್ತ, “ಹೊಲಿಗೆ ಅರ್ಧ ಆಗಿತ್ತಲ್ಲ ಭಾವ” ಎಂದ.

ಸಂಜೆ ಅವನು ಕೊನೆಯ ತಿರುವಿನವರೆಗೂ ಮೂರನೆಯವನಾಗಿದ್ದ. ನಾನು ಬೆಂಚಿನಿಂದ ಎದ್ದು ನಿಂತಿದ್ದೆ. ಸಾರ್ವಜನಿಕವಾಗಿ ಕೂಗಿಯೂ ಇದ್ದೆನೆಂದು ಕಾಣುತ್ತದೆ. ಅಲ್ಲಿಂದ ಮುಂದೆ ಅವನ ಕಾಲು ಭಾರವಾಗತೊಡಗಿತು. ಹೊಸದಾಗಿ ಸೇರಿದ ಯಾರೋ ಒಬ್ಬರು ಅವನನ್ನು ಹಾದು ಮುಂದೆ ಹೋದರು.

ಅವನು ಹುಲ್ಲಿನ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದಾಗ ಆಸ್ಪತ್ರೆಯಿಂದ ಪತ್ನಿಯ ಫೋನು ಬಂತು. ಅದನ್ನು ನನ್ನ ಕೈಯಿಂದ ಅವನೇ ತೆಗೆದುಕೊಂಡ.

“ನಾಲ್ಕನೆಯವ ಅಕ್ಕ, ಯಾವಾಗಿನ ಹಾಗೆ. ಅದಿರಲಿ, ಕೇಳು. ಭಾವ ಮಲಗಿದ್ರು! ಕೊಲ್ಲದಿಂದ ಎರ್ನಾಕುಲಂವರೆಗೆ, ಒಂದೇ ನಿದ್ದೆ.”

ಆ ಕಡೆಯಿಂದ ಅವಳು ಏನು ಹೇಳಿದಳೋ, ಪದಕ ಕೊರಳಿಗೆ ಬಿದ್ದವನಂತೆ ಇವನ ಮುಖ ಅರಳಿತು.

ಕೊಲ್ಲದಿಂದಲ್ಲ, ಕಾಯಂಕುಳದಿಂದ. ಯಾರ ತಪ್ಪು ಹೇಳಿಕೆಯನ್ನೂ ನಾನು ಈವರೆಗೆ ಹಾಗೆಯೇ ಬಿಟ್ಟವನಲ್ಲ. ತಿದ್ದಲು ಬಾಯಿ ತೆರೆದೆ. ಆಮೇಲೆ ಇರಲಿ ಎಂದು, ಅವನ ದಿಂಬಿಗೆ ಅಂಟಿದ್ದ ಹುಲ್ಲನ್ನು ಕೊಡವುತ್ತ ಕುಳಿತೆ.